ಜುಟ್ಟು ಸಿಕ್ಕರೆ ಪೆಲೆಯಾ, ಸಿಗದಿದ್ದರೆ ಲುಚಾ

ಸ್ಪ್ಯಾನಿಷ್ ಕಲಿಯಲು ಹೊರಟವರು 'ಓಲಾ', 'ಗ್ರಾಸಿಯಾಸ್' ಬಾಯಿಪಾಠ ಮಾಡಿ ಊರು ಗೆದ್ದವರ ಹಾಗೆ ಓಡಾಡುತ್ತಾರೆ. ಬರೀ ನಮಸ್ಕಾರ, ಧನ್ಯವಾದದಲ್ಲಿ ಎಷ್ಟು ದಿನ ಸಂಸಾರ ನಡೆದೀತು ಸ್ವಾಮಿ? ಜಗಳ ಬಂದೇ ಬರುತ್ತದೆ. ಆಗ ನಿಘಂಟು ತೆಗೆದರೆ ಜಗಳಕ್ಕೇ ಒಂದು ಹಿಂಡು ಪದಗಳು. ಯಾವುದನ್ನು ಎತ್ತಿಕೊಳ್ಳಲಿ ಎಂದು ನೀವು ಯೋಚಿಸುವಷ್ಟರಲ್ಲಿ ಎದುರಾಳಿ ಉಂಡು ಮಲಗಿರುತ್ತಾನೆ.

ದಿನಬಳಕೆಯದು 'ಪೆಲೆಯಾರ್'. 1713ರಲ್ಲಿ ಹುಟ್ಟಿದ ಸ್ಪೇನಿನ ರಾಯಲ್ ಅಕಾಡೆಮಿ ಈ ಪದದ ಮೂಲ 'ಪೆಲೊ', ಅಂದರೆ ಕೂದಲು ಎನ್ನುತ್ತದೆ. ಎಂಥ ಪ್ರಾಮಾಣಿಕ ಪದ! ಬೀದಿ ಪುಂಡರದೂ ಪೆಲೆಯಾ, ಬಾಕ್ಸಿಂಗ್ ಕಣದವರದೂ ಪೆಲೆಯಾ, ಗಂಡಹೆಂಡಿರದೂ ಪೆಲೆಯಾ. ಕೈ ಎತ್ತಲೇಬೇಕೆಂದೇನಿಲ್ಲ. 'ಎಸ್ತಾಮೋಸ್ ಪೆಲೆಯಾದೋಸ್' ಅಂದರೆ ಹೊಡೆದಾಡುತ್ತಿದ್ದೇವೆ ಅಂತಲ್ಲ, ಟೂ ಬಿಟ್ಟಿದ್ದೇವೆ ಅಂತ.

ಸ್ಪೇನಿನ ತಾಯಿ ಮಗನನ್ನು ಗದರಿದರೆ ಅದು 'ರೆನ್ಯೀರ್'. ಅದರ ಲ್ಯಾಟಿನ್ ಮೂಲಕ್ಕೆ ಹಲ್ಲು ತೋರಿಸಿ ಗುರ್ರೆನ್ನುವ ಅರ್ಥವಿದೆ. ಇನ್ನು ಕೋಳಿ ಅಂಕವೋ, ಕೆಲವರಿಗೆ ಅದು ಕೋಳಿಗಳ ಪೆಲೆಯಾ, ಕೆಲವರಿಗೆ ಕೋಳಿಗಳ ರಿನ್ಯಾ. ಹುಂಜಕ್ಕೆ ಕೂದಲೂ ಇಲ್ಲ, ಹಲ್ಲೂ ಇಲ್ಲ! ಪಾಪ, ಅದು ಅಕಾಡೆಮಿಗೆ ಅರ್ಜಿ ಹಾಕುವಂತಿಲ್ಲ.

ಬಡತನ, ಕಾಯಿಲೆ, ಅನ್ಯಾಯ ಇವುಗಳ ಜುಟ್ಟು ಯಾರ ಕೈಗೂ ಸಿಗುವುದಿಲ್ಲವಲ್ಲ, ಅಲ್ಲಿ ಬೇಕಾದದ್ದು 'ಲುಚಾರ್'. ಮೆಕ್ಸಿಕೊದ ಮೆರವಣಿಗೆಗಳಲ್ಲಿ ಕ್ರಾಂತಿಕಾರಿ ಸಾಪಾತಾನ ಹೆಸರು ಕೂಗಿ 'ಲಾ ಲುಚಾ ಸಿಗೆ' ಎನ್ನುತ್ತಾರೆ, ಹೋರಾಟ ನಿಂತಿಲ್ಲ ಎಂದು. ಕ್ಯೂಬಾದಲ್ಲಿ ಯಾರನ್ನಾದರೂ 'ಹೇಗಿದ್ದೀರಿ' ಎಂದು ಕೇಳಿ ನೋಡಿ. 'ಇಲ್ಲೇ, ಲುಚಾದಲ್ಲಿ' ಎನ್ನುವ ಉತ್ತರ ಬಂದರೆ ಕ್ರಾಂತಿ ಎಂದು ಹೆದರಬೇಡಿ. ಬೆಳಗ್ಗೆಯಿಂದ ಅಕ್ಕಿ, ಎಣ್ಣೆ, ಬಸ್ಸು ಎಂದು ಅಲೆದವರ ಮಾತು ಅದು.

ಇಷ್ಟು ಗಂಭೀರವಾದ ಪದವನ್ನು ಮೆಕ್ಸಿಕೊದವರೇ ಮುಖವಾಡದ ಕುಸ್ತಿಗೂ ಇಟ್ಟರು: 'ಲುಚಾ ಲಿಬ್ರೆ'. 1933ರಲ್ಲಿ ಸಾಲ್ವದೋರ್ ಲುತೆರೋತ್ ಕಂಪನಿ ಕಟ್ಟಿದ ಮೇಲೆ ಅದರ ಹುಚ್ಚು ದೇಶಕ್ಕೆಲ್ಲ ಹಬ್ಬಿತು. ಎಲ್ ಸಾಂತೊ ಎಂಬ ಪೈಲ್ವಾನನಂತೂ ಬೆಳ್ಳಿ ಮುಖವಾಡ ತೊಟ್ಟೇ ಸಿನಿಮಾದಲ್ಲೂ ಮೆರೆದ. 1984ರಲ್ಲಿ ಸತ್ತಾಗ ಮುಖವಾಡದೊಂದಿಗೇ ಮಣ್ಣಾದ. ಈ ಕುಸ್ತಿಯಲ್ಲಿ ಪಂಥ ಕಟ್ಟುತ್ತಾರೆ, ಮುಖವಾಡಕ್ಕೆ ಎದುರಾಗಿ ತಲೆಗೂದಲು. ಮುಖವಾಡದವನು ಸೋತರೆ ಮುಖ ಬಯಲು, ಇನ್ನೊಬ್ಬ ಸೋತರೆ ಅಲ್ಲೇ ಕಣದಲ್ಲಿ ತಲೆ ಬೋಳು. ಅಂದರೆ ಕೂದಲು ನಿಜವಾಗಿ ಹೋಗುವುದು ಪೆಲೆಯಾದಲ್ಲಲ್ಲ, ಲುಚಾದಲ್ಲಿ! ವ್ಯಾಕರಣದವರು ಇದನ್ನು ಎಲ್ಲಿ ಬಚ್ಚಿಡುತ್ತಾರೋ.

ಗೂಳಿಯದು ಬೇರೆ ಪಂಕ್ತಿ. ಇಂಗ್ಲಿಷಿನವರು ಅದನ್ನು ಕಾಳಗ ಎಂದರು. ಸ್ಪೇನಿನವರು 'ಕೊರ್ರೀದಾ' ಎಂದರು, ಅಂದರೆ ಓಟ. ಓಡುವವರು ಯಾರು ಎಂದು ಕೇಳಬೇಡಿ. ಗೂಳಿಯನ್ನು ಎದುರಿಸುವುದಕ್ಕೆ 'ಲಿದಿಯಾರ್' ಎನ್ನುತ್ತಾರೆ. ತಂಟೆಕೋರ ಗಿರಾಕಿ, ಸಿಡುಕು ಮೇಲಧಿಕಾರಿ, ಮಾತು ಕೇಳದ ಮಕ್ಕಳನ್ನು ಸಂಭಾಳಿಸುವುದಕ್ಕೂ ಅದೇ ಕ್ರಿಯಾಪದ. ಅತ್ತೆಯ ವಿಷಯದಲ್ಲಿ ಬಳಸುವ ಮುನ್ನ ಅವರಿಗೆ ಸ್ಪ್ಯಾನಿಷ್ ಬರುತ್ತದೆಯೇ ನೋಡಿಕೊಳ್ಳಿ.

ಇಂಗ್ಲಿಷ್ ಬಲ್ಲ ನಮ್ಮವರು ಎಡವುವುದು 'ದಿಸ್ಕುತೀರ್' ಹತ್ತಿರ. ಡಿಸ್ಕಷನ್ನಿನ ಅಣ್ಣತಮ್ಮನೇ ಇರಬೇಕು ಎಂದುಕೊಂಡು, 'ಬಾಸ್ ಜತೆ ದಿಸ್ಕುಸಿಯೋನ್ ಆಯಿತು' ಎಂದು ಮ್ಯಾಡ್ರಿಡ್‌ನ ಕಚೇರಿಯಲ್ಲಿ ಹೆಮ್ಮೆಯಿಂದ ಸಾರಿದರೆ, 'ಅಯ್ಯೋ, ಯಾಕೆ ಜಗಳ ಆಡಿದಿರಿ?' ಎಂದು ಪಕ್ಕದವರು ಸಂತಾಪ ಸೂಚಿಸುತ್ತಾರೆ.

ಕೊನೆಗೊಂದು 'ಬ್ರೋಂಕಾ' ಇದೆ. ಸ್ಪೇನಿನಲ್ಲಿ ಅದು ರಂಪ, ಇಲ್ಲವೇ ಮೇಲಿನವರಿಂದ ಬೀಳುವ ಮಂಗಳಾರತಿ. ಅರ್ಜೆಂಟೀನಾದಲ್ಲಿ ಹೊಟ್ಟೆಯೊಳಗೆ ಕುದಿಯುವ ಸಿಟ್ಟು. ಮೆಕ್ಸಿಕೊದವನು ಭುಜ ತಟ್ಟಿ 'ನೋ ಆಯ್ ಬ್ರೋಂಕಾ' ಎಂದರೆ ಮಾತ್ರ ತೋಳು ಮಡಚಬೇಡಿ. ಪರವಾಗಿಲ್ಲ ಬಿಡಿ ಅನ್ನುತ್ತಿದ್ದಾನೆ, ಅಷ್ಟೇ.