ಲಿನಕ್ಸ್ ಗಣಕದಲ್ಲಿ ಮುದ್ರಣ-ರಸನಿಷ್ಪತ್ತಿ: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತುತ ಸಂಪ್ರಬಂಧದ ವ್ಯಾಪ್ತಿ ಮತ್ತು ಮಿತಿಗಳನ್ನು ಆರಂಭದಲ್ಲೇ ಸ್ಪಷ್ಟಪಡಿಸುವುದು ಸಂಶೋಧನಾ ವೈಧಾನಿಕತೆಯ ದೃಷ್ಟಿಯಿಂದ ಅಪೇಕ್ಷಣೀಯ. ವ್ಯಾಪ್ತಿ: ಲಿನಕ್ಸ್ ಗಣಕ, ಅದರ ಪಕ್ಕದ ಪ್ರಿಂಟರ್, ಮತ್ತು ಇವೆರಡರ ಅಸ್ಮಿತೆಗಳು ಪರಸ್ಪರ ಮುಖಾಮುಖಿಯಾಗುವ ಯುಎಸ್‌ಬಿ ಕೇಬಲ್ ಎಂಬ ನೆಲೆ. ಮಿತಿ: ಹಾಳೆ ಹೊರಗೆ ಬರಲಿಲ್ಲ.

ಭರತನ ರಸಸೂತ್ರವನ್ನು ಈ ಕ್ಷೇತ್ರಕ್ಕೆ ಯಾರೂ ಅನ್ವಯಿಸದಿರುವುದು ನಮ್ಮ ವಿದ್ವತ್ತಿನ ದೊಡ್ಡ ಕೊರತೆ. ಇಲ್ಲಿ ವಿಭಾವವೆಂದರೆ ಪಿಡಿಎಫ್ ಕಡತ, ಅನುಭಾವವೆಂದರೆ ಯಂತ್ರದ ಗುರುಗುಟ್ಟುವಿಕೆ, ಸಂಚಾರಿಭಾವವೆಂದರೆ ಮಿಣುಕುವ ಹಳದಿ ದೀಪ. ಈ ಮೂರರ ಸಂಯೋಗದಿಂದ ಶಾಯಿ ಹಾಳೆಗಿಳಿದರೆ ಅದೇ ರಸನಿಷ್ಪತ್ತಿ. (ಲೇಸರ್ ಪ್ರಿಂಟರಿನ ಟೋನರ್ ಪುಡಿಯಾದ್ದರಿಂದ ಅಲ್ಲಿ ರಸವಿಲ್ಲ, ಭಸ್ಮ ಮಾತ್ರ ಎಂಬ ಪೂರ್ವಪಕ್ಷವನ್ನು ಮುಂದಿನ ಸಂಪುಟದಲ್ಲಿ ಖಂಡಿಸಲಾಗುವುದು.)

ಈ ಬಗ್ಗೆ ನಾಲ್ಕು ಮತಗಳಿವೆ. ಭಟ್ಟಲೊಲ್ಲಟನ ಉತ್ಪತ್ತಿವಾದದಂತೆ ಮುದ್ರಣವನ್ನು ಹುಟ್ಟಿಸುವುದು ಡ್ರೈವರ್. ಡ್ರೈವರ್ ಇಲ್ಲದಿದ್ದರೆ? ಇಲ್ಲದಿದ್ದರೆ ಇಲ್ಲ. ಲೊಲ್ಲಟ ನೇರ ಮನುಷ್ಯ. ಶಂಕುಕನದು ಅನುಮಿತಿವಾದ: ಚಿತ್ರದ ಕುದುರೆಯನ್ನು ಕುದುರೆಯೆಂದೇ ಬಗೆಯುವಂತೆ, ಪರದೆಯ ಮೇಲೆ ‘ಕಂಪ್ಲೀಟೆಡ್’ ಎಂದು ಬಂದರೆ ಅಚ್ಚಾಗಿದೆಯೆಂದು ಊಹಿಸಿಕೊಳ್ಳತಕ್ಕದ್ದು. ಮೈಕೆಲ್ ಸ್ವೀಟ್ ಕಟ್ಟಿ 1999ರಲ್ಲಿ ಬಿಡುಗಡೆಯಾದ, 2007ರಲ್ಲಿ ಆಪಲ್ ಕೊಂಡುಕೊಂಡ, ಲಿನಕ್ಸಿನಲ್ಲಿ ಇಂದಿಗೂ ಅಚ್ಚಿನ ಹೊಣೆ ಹೊತ್ತಿರುವ ಕಪ್ಸ್ ವ್ಯವಸ್ಥೆ ಅಪ್ಪಟ ಶಂಕುಕ ಪಂಥದ್ದು. ಕೊನೆಯ ಬೈಟ್ ಕೇಬಲ್ ದಾಟಿತೆಂದರೆ ಬಹಳ ಸಲ ಅದರ ಮಟ್ಟಿಗೆ ಕೆಲಸ ಮುಗಿದಂತೆ. ಆಚೆ ಯಂತ್ರ ಅದನ್ನು ಅರಗಿಸಿಕೊಂಡಿತೋ ಬಿಟ್ಟಿತೋ ಎಂಬುದು ಲೌಕಿಕ ಪ್ರಶ್ನೆ. ಭಟ್ಟನಾಯಕನನ್ನೂ ಅಭಿನವಗುಪ್ತನನ್ನೂ ಹೀಗೆಯೇ ಎಳೆದು ತರಬಹುದಿತ್ತು. ಬೇಡ. ಅರ್ಜಿ ಕೊಡಬೇಕಾದ ಕಚೇರಿ ಸಂಜೆ ಮುಚ್ಚುತ್ತದೆ.

ಅನುಷ್ಠಾನ ವಿಧಿ. ಸಾಧಕನು ಬ್ರೌಸರ್ ತೆರೆದು ಲೋಕಲ್‌ಹೋಸ್ಟಿನ 631ನೆಯ ದ್ವಾರವನ್ನು ತಟ್ಟತಕ್ಕದ್ದು. ದ್ವಾರಪಾಲಕ ಹೆಸರು ಕೇಳುತ್ತಾನೆ, ಪಾಸ್‌ವರ್ಡ್ ಕೇಳುತ್ತಾನೆ. ಸ್ವಂತ ದುಡ್ಡಿನ ಗಣಕವೇ ಆಗಿರಲಿ, ಡೆಬಿಯನ್ ಕುಲದಲ್ಲಿ ಎಲ್‌ಪಿಅಡ್ಮಿನ್ ಗುಂಪಿಗೆ ಸೇರದವನಿಗೆ ಪ್ರಿಂಟರ್ ಸೇರಿಸುವ ಅಧಿಕಾರವಿಲ್ಲ. ಒಳಹೊಕ್ಕ ಮೇಲೆ ಕಡತವು ಘೋಸ್ಟ್‌ಸ್ಕ್ರಿಪ್ಟ್ ಮೊದಲಾದ ಫಿಲ್ಟರುಗಳನ್ನು ಒಂದೊಂದಾಗಿ ದಾಟಿ ಚುಕ್ಕಿಗಳ ರಾಶಿಯಾಗುತ್ತದೆ. ನಡುವೆ ಯಾವುದೋ ಒಂದು ಮುನಿಸಿಕೊಂಡರೆ ‘ಫಿಲ್ಟರ್ ಫೇಲ್ಡ್’ ಎಂಬ ದ್ವಿಪದ ಕಾವ್ಯ. ಯಾವ ಫಿಲ್ಟರ್, ಯಾಕೆ ಎಂದು ತಿಳಿಯಲು ಎರರ್ ಲಾಗ್ ಎಂಬ ಬೃಹತ್ ಪಠ್ಯದ ಅನುಸಂಧಾನಕ್ಕಿಳಿಯಬೇಕು.

ಪಂಡಿತರನ್ನು ಕೇಳಿದರೆ, ‘ತುಂಬಾ ಸುಲಭ, ಟರ್ಮಿನಲ್‌ನಲ್ಲಿ ನಾಲ್ಕು ಸಾಲು.’ ನಾಲ್ಕು ಸಾಲು ಫಲಿಸದಿದ್ದರೆ, ‘ನಿಮ್ಮದು ಯಾವ ಡಿಸ್ಟ್ರೊ?’ ಹೇಳಿದರೆ, ‘ಅಯ್ಯೋ, ಅದನ್ಯಾಕೆ ಹಾಕ್ಕೊಂಡ್ರಿ?’ ಪಿಎಚ್‌.ಡಿ. ಮಾರ್ಗದರ್ಶಕರೂ ವಿಷಯದ ಆಯ್ಕೆಯ ಬಗ್ಗೆ ಮೂರನೆಯ ವರ್ಷ ಹೀಗೇ ಕೇಳುತ್ತಾರೆ.

ಆದರೂ ಪಂಡಿತರು ಕಡೇಪಕ್ಷ ಬಿಟ್ಟಿ ದುಡಿಯುತ್ತಾರೆ. ಹೊಟ್ಟೆ ಉರಿಯುವುದು ದುಡ್ಡು ಎಣಿಸಿಕೊಂಡವರ ಮೇಲೆ. ಯಂತ್ರಕ್ಕೆ ಯಾವ ಭಾಷೆ ತಿಳಿಯುತ್ತದೆಂದು ತಯಾರಿಸಿದವರಿಗೆ ಗೊತ್ತು. ಎಷ್ಟೋ ಮಾಡೆಲ್‌ಗಳಲ್ಲಿ ಅದನ್ನು ಹೇಳುವುದಿಲ್ಲ. ಕೆಲವು ಅಗ್ಗದ ಲೇಸರ್ ಯಂತ್ರಗಳು ಸ್ವಿಚ್ ಆರಿಸಿದೊಡನೆ ಎಲ್ಲ ಮರೆಯುತ್ತವೆ. ಪ್ರತಿ ಸಲ ಹೊತ್ತಿಸಿದಾಗಲೂ ಗಣಕವೇ ಫರ್ಮ್‌ವೇರ್ ತುಂಬಿಕೊಡಬೇಕು. 32 ಬಿಟ್ ಕಾಲದ ಡ್ರೈವರನ್ನು 64 ಬಿಟ್‌ಗೆ ಹೊಂದಿಸಿ ಕೊಡುವುದಿಲ್ಲ. ಆಕರ ಕೊಡಿ, ನಾವೇ ಹೊಂದಿಸಿಕೊಳ್ಳುತ್ತೇವೆ ಅಂದರೆ ಅದನ್ನೂ ಕೊಡುವುದಿಲ್ಲ. ರೋಲರ್ ಗಟ್ಟಿಯಿದೆ, ಡ್ರಮ್ ಗಟ್ಟಿಯಿದೆ, ಯಂತ್ರ ಗುಜರಿಗೆ. ಇದಕ್ಕೆ ಯಾವ ಮೀಮಾಂಸೆ ಹಚ್ಚೋಣ?

1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯವೊಂದಕ್ಕೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಹಾಳೆ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸುದ್ದಿ ಮುಟ್ಟುವಂತೆ ರಿಚರ್ಡ್ ಸ್ಟಾಲ್ಮನ್ ಹಿಂದಿನ ಯಂತ್ರದ ತಂತ್ರಾಂಶವನ್ನು ತಿದ್ದಿಕೊಂಡಿದ್ದರು. ಹೊಸದನ್ನೂ ತಿದ್ದೋಣವೆಂದು ಆಕರ ಕೇಳಿದರೆ ಸಿಗಲಿಲ್ಲ. ಆ ಕಹಿ ಮರೆಯದ ಮನುಷ್ಯ 1983ರಲ್ಲಿ ಗ್ನೂ ಯೋಜನೆ ಸಾರಿದರು. ಲಿನಕ್ಸ್ ಬೆಳೆದದ್ದು ಆ ಪಾತಿಯಲ್ಲಿ. ಹೀಗೆ ಪ್ರಿಂಟರ್ ಜಗಳವೂ ಪ್ರೇರಣೆಯಾದ ಚಳವಳಿ ಸರ್ವರ್‌ಗಳನ್ನು ಗೆದ್ದಿತು, ಫೋನಿನೊಳಗೂ ಹೊಕ್ಕಿತು. ಪ್ರಿಂಟರಿನ ಮುಂದೆ ಮಾತ್ರ ಇನ್ನೂ ಕೈಕಟ್ಟಿ ನಿಂತಿದೆ.

ವಿಂಡೋಸಿಗೆ ದುಡ್ಡಿಲ್ಲದ ಶಾಲೆ ಹಳೇ ಗಣಕಕ್ಕೆ ಲಿನಕ್ಸ್ ಹಾಕಿಕೊಳ್ಳುತ್ತದೆ. ಪರದೆ ಕನ್ನಡದಲ್ಲಿ, ಒತ್ತಕ್ಷರ ಒಂದೂ ತಪ್ಪಿಲ್ಲ, ಪ್ರಶ್ನೆಪತ್ರಿಕೆ ತಯಾರು. ಅಚ್ಚಿಗೆ ಮಾತ್ರ ಮೇಷ್ಟ್ರು ಪೆನ್‌ಡ್ರೈವ್ ಜೇಬಿಗಿಳಿಸಿಕೊಂಡು ಬಸ್‌ಸ್ಟ್ಯಾಂಡಿನ ಝೆರಾಕ್ಸ್ ಅಂಗಡಿಗೆ ಹೋಗಬೇಕು.

ಈಚಿನ ಯಂತ್ರಗಳಲ್ಲಿ ಐಪಿಪಿ ಎವ್ರಿವೇರ್, ಏರ್‌ಪ್ರಿಂಟ್ ಎಂಬ ಹಂಚಿಕೊಂಡ ಭಾಷೆಗಳು ಬಂದಿವೆ. ಅವಿದ್ದರೆ ಪ್ರತ್ಯೇಕ ಡ್ರೈವರ್ ಬೇಡ. ಇದು ಲಿನಕ್ಸ್ ಮೇಲಿನ ಮಮತೆಯಿಂದ ಆದದ್ದಲ್ಲ. ಫೋನಿನಿಂದ ಅಚ್ಚು ಹಾಕುವ ಗಿರಾಕಿಗಳು ಬಂದರು, ಬಾಗಿಲು ತೆರೆಯಿತು. ಪ್ರಿಂಟರ್ ಕೊಳ್ಳಲು ಹೊರಟವರು ಡಬ್ಬದ ಮೇಲೆ ಏರ್‌ಪ್ರಿಂಟ್ ಎಂದು ಬರೆದಿದೆಯೇ ಮೊದಲು ನೋಡಿ. ಇಲ್ಲದಿದ್ದರೆ, ಅಂಗಡಿಯವರು ಎಷ್ಟೇ ಡಿಸ್ಕೌಂಟ್ ಕೊಡಲಿ, ಬರಿಗೈಲಿ ವಾಪಸ್ ಬನ್ನಿ.