ಬಾಡಿಗೆ ಬೇಕು, ಬಾಡಿಗೆದಾರ ಬೇಡ

ಬೆಂಗಳೂರಿನ ಮನೆ ಓನರ್ರನ್ನು ದುರಾಸೆಯವರು ಎಂದು ಬೈಯುವುದು ಊರಿನ ರೂಢಿ. ಲೆಕ್ಕ ಹಾಕಿ ನೋಡಿದರೆ ಈ ಆರೋಪ ನಿಲ್ಲುವುದಿಲ್ಲ. ದುರಾಸೆಯವನು ಮನೆಯನ್ನು ಒಂದು ತಿಂಗಳೂ ಖಾಲಿ ಬಿಡುವುದಿಲ್ಲ; ನಮ್ಮ ಓನರ್ರು ಬಿಡುತ್ತಾರೆ. ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಗೇಟಿಗೆ ತಂತಿಯಿಂದ ಬಿಗಿದ ಟು-ಲೆಟ್ ಬೋರ್ಡು ಬಿಸಿಲಿಗೆ ಬಣ್ಣ ಕಳೆದುಕೊಳ್ಳುವವರೆಗೂ ತೂಗುತ್ತಿರುತ್ತದೆ. ದಿನವೂ ಯಾರೋ ಬಂದು ಕೇಳುತ್ತಾರೆ. ‘ಮನೆ ಆಗ್ಲೇ ಮಾತಾಗಿಬಿಟ್ಟಿದೆ ಕಣಪ್ಪಾ’ ಎಂಬ ಉತ್ತರ ಕೇಳಿಸಿಕೊಂಡು ಹೋಗುತ್ತಾರೆ. ಬೋರ್ಡು ಮಾತ್ರ ಅಲ್ಲೇ ಇರುತ್ತದೆ. ಮನೆಬಾಗಿಲಿಗೆ ಬಂದ ದುಡ್ಡನ್ನು ತಿಂಗಳುಗಟ್ಟಲೆ ಬೇಡವೆನ್ನುವ ಮನುಷ್ಯನನ್ನು ದುರಾಸೆಯವನು ಎನ್ನುವುದು ಹೇಗೆ? ಅವರ ಕಷ್ಟ ಬೇರೆಯದು. ಅವರಿಗೆ ಬಾಡಿಗೆ ಬೇಕು, ಬಾಡಿಗೆದಾರ ಬೇಡ.

ಇದಕ್ಕೆ ಸಾಕ್ಷಿ ಅವರ ಷರತ್ತುಗಳಲ್ಲೇ ಇದೆ. ಗೋಡೆಗೆ ಮೊಳೆ ಹೊಡೆಯಬಾರದು, ರಾತ್ರಿ ಹತ್ತರ ಮೇಲೆ ಗೇಟು ಸದ್ದಾಗಬಾರದು, ನೆಂಟರು ಬಂದರೆ ಎರಡು ದಿನಕ್ಕಿಂತ ಹೆಚ್ಚು ಇರಬಾರದು, ಟೆರೇಸಿಗೆ ಹೋಗಬಾರದು, ಗಾಡಿ ಒಳಗೆ ನಿಲ್ಲಿಸಬಾರದು. ಒಂದೊಂದನ್ನೇ ನೋಡಿದರೆ ಕಿರಿಕಿರಿ ಅನ್ನಿಸಬಹುದು. ಸಾಲಾಗಿ ಓದಿದರೆ ಎಲ್ಲವೂ ಸೇರಿ ಹೇಳುವುದು ಒಂದೇ ಮಾತು: ಮನೆಯಲ್ಲಿ ಯಾರೂ ವಾಸ ಮಾಡಬಾರದು. ಸಂಪಿನ ಮೋಟರ್ ಸ್ವಿಚ್ಚು ಅವರ ಹಜಾರದೊಳಗೆ, ಹಾಲಿನ ಲೆಕ್ಕ ಗೀಚಿದ ಕ್ಯಾಲೆಂಡರಿನ ಪಕ್ಕದಲ್ಲಿರುತ್ತದೆ. ಬೆಳಗ್ಗೆ ಆರಕ್ಕೆ ಹಾಕಿ, ಟ್ಯಾಂಕು ತುಂಬಿ ಹೊರಗೆ ಸುರಿಯುವ ಸದ್ದಿಗೆ ಓಡಿ ಬಂದು ಆರಿಸುತ್ತಾರೆ. ಆಮೇಲೆ ಪೇಪರು ಹಿಡಿದು ಕೂತರೂ ಕಿವಿ ಮೇಲಿನ ಮಹಡಿಯ ಪೈಪಿನ ಮೇಲೆಯೇ. ನಲ್ಲಿ ಐದು ನಿಮಿಷ ಹರಿದರೆ ಮೆಟ್ಟಿಲ ಬಳಿ ಬಂದು ಪ್ರೀತಿಯಿಂದಲೇ ವಿಚಾರಿಸುತ್ತಾರೆ: ‘ಏನು, ಊರಿಂದ ಯಾರಾದ್ರೂ ಬಂದಿದ್ದಾರಾ?’ ಇಂಥವರಿಗೆ ಆದರ್ಶ ಬಾಡಿಗೆದಾರ ಎಂದರೆ ಬೆಳಗ್ಗೆ ಎಂಟಕ್ಕೆ ಬೀಗ ಹಾಕಿ ಹೊರಟು, ಆಫೀಸಿನಲ್ಲೇ ಉಂಡು, ರಾತ್ರಿ ಮಲಗಲು ಮಾತ್ರ ಬರುವ, ಶನಿವಾರ ಊರಿಗೆ ಹೋಗಿಬಿಡುವ ಸಾಫ್ಟ್‌ವೇರ್ ದಂಪತಿ. ಸಾಫ್ಟ್‌ವೇರ್‌ನವರ ಮೇಲೆ ಇಷ್ಟು ದಿನ ಇದ್ದ ಒಲವಿಗೆ ಅವರ ಸಂಬಳದಷ್ಟೇ ಅವರ ಗೈರುಹಾಜರಿಯೂ ಕಾರಣ. 2020ರಲ್ಲಿ ಆ ಜನ ಇಡೀ ದಿನ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದಾಗ ಓನರ್ರಿಗೆ ಮೊದಲ ಸಲ ತಿಳಿಯಿತು, ತಾವು ಬಾಡಿಗೆಗೆ ಕೊಟ್ಟಿದ್ದು ಮನುಷ್ಯರಿಗೆ ಎಂದು. ಸಾಲದ್ದಕ್ಕೆ 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟು, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿಯೇ ಸಾರಿತು. ನಲ್ಲಿಯ ಮೇಲಿನ ಕಿವಿಗೆ ಸರ್ಕಾರದ ಬೆಂಬಲವೂ ಸಿಕ್ಕಂತಾಯಿತು.

‘ಪಾಪ, ಭಯ ಇರುತ್ತದೆ’ ಎಂದು ಅವರ ಪರ ವಾದಿಸುವವರಿದ್ದಾರೆ. ವಾದದಲ್ಲಿ ತಿರುಳಿದೆ. ಈ ಓನರ್ರು ಕುಬೇರರಲ್ಲ. ಎಚ್‌ಎಂಟಿಯಲ್ಲೋ ಐಟಿಐಯಲ್ಲೋ ದುಡಿದು, ಸೊಸೈಟಿ ಕೊಟ್ಟ ಮೂವತ್ತು-ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಕೆಳಗಿನ ಮನೆ, ಪಿಎಫ್ ಬಂದಾಗ ಮೊದಲ ಮಹಡಿ, ವಿಆರ್‌ಎಸ್ ದುಡ್ಡಿನಲ್ಲಿ ಎರಡನೆಯದು, ಅದರ ಮೇಲೆ ಶೀಟು ಹೊದಿಸಿ ಬ್ಯಾಚುಲರ್ ರೂಮು ಎಂದು ಕಂತುಕಂತಾಗಿ ಕಟ್ಟಿದವರು. ಅವರಿಗೆ ಬಾಡಿಗೆಯೇ ಪಿಂಚಣಿ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಒಳಗೆ ಬಂದವನನ್ನು ಹೊರಗೆ ಕಳಿಸಲು ಕೋರ್ಟಿನ ಮೆಟ್ಟಿಲು ಸವೆಸಿದವರ ಕಥೆಗಳನ್ನು ಕೇಳಿಯೇ ಅವರು ಬೆಳೆದದ್ದು. ಆದರೆ ಅದರ ಜಾಗಕ್ಕೆ ಬಂದ 1999ರ ಕಾಯ್ದೆ, ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಇವತ್ತು ಆ ದುಡ್ಡಿಗೆ ಶೀಟಿನ ರೂಮೂ ಸಿಗದು. ಭಯದ ಕಾರಣ ಹೋಯಿತು, ಭಯದ ಹೆಸರಲ್ಲಿ ಕೇಳುವ ಅಡ್ವಾನ್ಸು ಉಳಿಯಿತು.

ಆ ಅಡ್ವಾನ್ಸಿನ ಭಾರ ಬೀಳುವುದು ಯಾರ ಮೇಲೆ ಎಂಬುದನ್ನೂ ನೋಡಬೇಕು. ತಿಂಗಳಿಗೆ 20,000 ಬಾಡಿಗೆ, ಹತ್ತು ತಿಂಗಳ ಅಡ್ವಾನ್ಸು ಎಂದರೆ ಎರಡು ಲಕ್ಷ. ಬ್ರೋಕರಿಗೆ ಒಂದು ತಿಂಗಳದ್ದು ಬೇರೆ. ಹುಬ್ಬಳ್ಳಿಯಿಂದಲೋ ಹಾಸನದಿಂದಲೋ ಹೊಸ ಕೆಲಸಕ್ಕೆ ಬಂದ ಹುಡುಗ ಮೊದಲ ಸಂಬಳ ಕಾಣುವ ಮುಂಚೆಯೇ ಇದನ್ನು ಹೊಂದಿಸಬೇಕು. ಐದಾರು ತಿಂಗಳದ್ದಕ್ಕೆ ಒಪ್ಪುವವರನ್ನು ಧಾರಾಳಿಗಳು ಎನ್ನುವ ಕಾಲ ಇದು. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಠೇವಣಿ ಸಾಕು ಎನ್ನುತ್ತದೆ. ಮಾದರಿ ಎಂದ ಮೇಲೆ ಅದು ಮಾದರಿಯೇ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಳ್ಳದೆ ಅದಕ್ಕೆ ಬಲವಿಲ್ಲ.

ಇನ್ನು ‘ನೀವು ಯಾವ ಜನ?’ ಎಂಬ ಪ್ರಶ್ನೆ. ಇಲ್ಲಿ ನಗು ಸ್ವಲ್ಪ ನಿಲ್ಲುತ್ತದೆ. ಆಗ್ಲೇ ಮಾತಾಗಿಬಿಟ್ಟ ಮನೆಗಳು ದಲಿತರಿಗೆ, ಮುಸ್ಲಿಮರಿಗೆ, ಒಂಟಿ ಹೆಣ್ಣುಮಕ್ಕಳಿಗೆ ಎದುರಾಗುವಷ್ಟು ಉಳಿದವರಿಗೆ ಎದುರಾಗುವುದಿಲ್ಲ. ಓನರ್ರು ಇದನ್ನು ಬಾಯಿಬಿಟ್ಟು ಹೇಳುವವರಲ್ಲ. ‘ನಂಗೇನೂ ಇಲ್ಲಪ್ಪ, ಮನೇಲಿ ಹೆಂಗಸರು ಒಪ್ಪಲ್ಲ, ವಾಸನೆ ಆಗಲ್ಲ ಅಂತಾರೆ’ ಎನ್ನುತ್ತಾರೆ. ಮನೆ ನನ್ನದು, ಇಷ್ಟವೂ ನನ್ನದು ಎಂಬ ಸಮರ್ಥನೆ ಹಿಂದೆಯೇ ಬರುತ್ತದೆ. ವಾಸನೆಯೇ ಕಾರಣವಾದರೆ, ಒಗ್ಗರಣೆಯಲ್ಲಿ ಸೀದ ಒಣಮೆಣಸಿನಕಾಯಿ ಮೂರೂ ಮಹಡಿಯನ್ನು ಕೆಮ್ಮಿಸುತ್ತದೆ. ಅದಕ್ಕಾಗಿ ಯಾರಿಗಾದರೂ ಮನೆ ತಪ್ಪಿದ್ದುಂಟೇ? ಮೂಗಿನ ಮೇಲೆ ಹೊರಿಸಿದ ಈ ಆಕ್ಷೇಪ ಜಾತಿಯದ್ದು. ಇದಕ್ಕೆ ಭಯದ ರಿಯಾಯಿತಿ ಕೊಡಲಾಗದು.

ಬಾಡಿಗೆದಾರರೇನು ಸಾಚಾಗಳೇ ಎಂದು ಕೇಳಬಹುದು. ಅಲ್ಲ. ಕರೆಂಟು ಬಿಲ್ಲು ಬಾಕಿ ಇಟ್ಟು ರಾತ್ರೋರಾತ್ರಿ ಟೆಂಪೋ ತರಿಸಿದವರಿದ್ದಾರೆ, ಇಬ್ಬರೆಂದು ಬಂದು ಆರು ಜನ ಆದವರಿದ್ದಾರೆ. ವಿಚಾರಿಸುವುದು ತಪ್ಪಲ್ಲ, ವಿಚಾರಣೆ ಒಂದೇ ದಿಕ್ಕಿನದಾಗಿರುವುದು ಮಾತ್ರ ತಮಾಷೆ. ಊರು, ಕಂಪನಿ, ಸಂಬಳ, ಮದುವೆ, ಈಚೆಗೆ ಲಿಂಕ್ಡ್‌ಇನ್ ಪುಟ, ಇಷ್ಟೂ ಕೇಳಿದವರಿಗೆ ಬಾಡಿಗೆದಾರ ಒಂದೇ ಒಂದು ಪ್ರಶ್ನೆ ಹಾಕಲಿ. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ, ಎಚ್‌ಆರ್‌ಎ ವಿನಾಯಿತಿಗೆ ಓನರ್ರ ಪ್ಯಾನ್ ನಂಬರನ್ನು ಅವನು ಆಫೀಸಿಗೆ ಕೊಡಬೇಕು. ‘ಸಾರ್, ನಿಮ್ಮ ಪ್ಯಾನ್...’ ಎನ್ನುತ್ತಿದ್ದಂತೆ ಸದಾ ಚುರುಕಾಗಿದ್ದ ಆ ಕಿವಿ ಮಂದವಾಗುತ್ತದೆ. ಮೋಟರ್ ಹಾಕಿದ್ದು ನೆನಪಾಗಿ ಒಳಗೆ ನಡೆಯುತ್ತಾರೆ.

ಬಿಟಿಎಂ ಲೇಔಟಿನಲ್ಲಿ, ಮಾರತಹಳ್ಳಿಯಲ್ಲಿ ಮನೆಗಳು ಪಿಜಿಗಳಾಗುತ್ತಿರುವುದು ಈ ಆಸೆಯ ಕೊನೆಯ ಹಂತ. ಅಲ್ಲಿ ಬಾಡಿಗೆಗೆ ಮನೆಯಿಲ್ಲ, ಮಂಚ ಮಾತ್ರ. ಮೊಳೆ ಹೊಡೆಯಲು ಸ್ವಂತ ಗೋಡೆಯಿಲ್ಲ, ನೆಂಟರಿಗೆ ಜಾಗವಿಲ್ಲ. ಓನರ್ರ ಕನಸು ನನಸಾಗಿದೆ. ಅಷ್ಟಾದರೂ ಮನೆಯೇ ಬೇಕೆಂದು ಹೊರಟವರಿಗೆ ಒಂದು ಮಾತು. ಹನ್ನೊಂದು ತಿಂಗಳ ಅಗ್ರಿಮೆಂಟು ನಿಮ್ಮ ಅನುಕೂಲಕ್ಕಲ್ಲ, ವರ್ಷ ಮೀರಿದರೆ 1908ರ ಕಾಯ್ದೆಯಂತೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬ ಕಾರಣಕ್ಕೆ; ಆದ್ದರಿಂದ ಸಹಿ ಹಾಕುವ ಮೊದಲು ಪೂರ್ತಿ ಓದಿ. ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸು ಎಷ್ಟು ದಿನದಲ್ಲಿ ವಾಪಸ್ಸು ಎಂಬುದನ್ನು ಬರೆಸಿಕೊಳ್ಳಿ. ಸಾಮಾನು ಇಳಿಸುವ ಮುಂಚೆ ಎಲ್ಲ ಗೋಡೆಗಳ ಫೋಟೊ ತೆಗೆಯಿರಿ, ಹಿಂದಿನವರು ಹೊಡೆದ ಮೊಳೆಗಳನ್ನು ಓನರ್ರ ಎದುರಿಗೇ ಎಣಿಸಿ.