ಶಾಯಿರಾಯನ ಅಕ್ಟೋಬರ್

ವರ್ಷದಲ್ಲಿ ಹನ್ನೊಂದು ತಿಂಗಳು ಶಾಯಿರಾಯ ಸಾಫ್ಟ್‌ವೇರ್ ಎಂಜಿನಿಯರು. ಅಕ್ಟೋಬರ್ ಬಂತೆಂದರೆ ಕಲಾವಿದ. ನಿಮ್ಮ ಆಫೀಸಿನಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಬಲಗೈ ತೋರುಬೆರಳಿನ ಕರಿ ಕಲೆಯನ್ನು ಬೇಕೆಂದೇ ತೊಳೆಯದೆ, ಎಲ್ಲರಿಗೂ ಕಾಣುವಂತೆ ಕಾಫಿ ಲೋಟ ಹಿಡಿಯುವವನೇ ಅವನು. “ಓಟು ಹಾಕಿ ಬಂದ್ರಾ ಸಾರ್?” ಎಂದು ಸೆಕ್ಯುರಿಟಿಯವನು ಕೇಳಿದರೆ ಅವನಿಗೆ ಮೈಯೆಲ್ಲ ಉರಿ. “ಓಟಿನ ಶಾಯಿ ಎಡಗೈಗೆ ಹಚ್ಚೋದು ಕಣಯ್ಯಾ. ಇದು ಇಂಕ್ಟೋಬರ್!”

ಇಂಕ್ಟೋಬರ್ ಎಂದರೇನೆಂದು ಅಪ್ಪಿತಪ್ಪಿ ಕೇಳಿದಿರೋ, ನಿಮ್ಮ ಊಟದ ವೇಳೆ ಮುಗಿಯಿತು. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ ತನ್ನ ಶಾಯಿ ಕೆಲಸ ಸುಧಾರಿಸಲಿ, ದಿನಾ ಚಿತ್ರ ಬಿಡಿಸುವ ರೂಢಿ ಬೀಳಲಿ ಎಂದು 2009ರಲ್ಲಿ ತೊಟ್ಟ ಪಣ ಅದು. 31 ದಿನ, 31 ಚಿತ್ರ. ಪೆನ್ಸಿಲಿನಲ್ಲಿ ಕರಡು ಹಾಕಿಕೊಳ್ಳಬಹುದು. ಆದರೆ ಮೇಲೆ ಶಾಯಿ ಬೀಳಲೇಬೇಕು, ನಾಲ್ಕು ಜನರಿಗೆ ತೋರಿಸಲೇಬೇಕು. ದಿನಕ್ಕೊಂದು ಪದದ ಪಟ್ಟಿಯೂ ಉಂಟು.

ಶಾಯಿರಾಯನ ಅಸಲಿ ಕಲಾಸೇವೆ ನಡೆಯುವುದು ಸೆಪ್ಟೆಂಬರಿನಲ್ಲಿ, ಸ್ಟೇಷನರಿ ಅಂಗಡಿಯ ಕೌಂಟರಿನ ಮುಂದೆ. ಕೂದಲೆಳೆಯ ಗೆರೆಗೆ 005 ನಂಬರಿನ ಮೈಕ್ರಾನ್ ಪೆನ್ನು, ದಪ್ಪ ಗೆರೆಗೆ 08, ಬ್ರಷ್ ಪೆನ್ನು, ಅದ್ದಿ ಬರೆಯುವ ನಿಬ್ಬು, ಇಂಡಿಯನ್ ಇಂಕಿನ ಬಾಟಲಿ, ಶಾಯಿ ಹರಡದ ಬ್ರಿಸ್ಟಲ್ ಹಾಳೆ. ಬಿಲ್ಲು ನೋಡಿ ತಾಯಿ ಬಾಯಿ ತೆರೆಯುವ ಮೊದಲೇ ಅವನು ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರನ್ನು ಅಡ್ಡ ಹಿಡಿಯುತ್ತಾನೆ: “ಜೆ.ಜೆ. ಕಲಾಶಾಲೆಯವರು ಲಕ್ಷ್ಮಣ್‌ಗೇ ಸೀಟು ಕೊಡಲಿಲ್ಲ, ಗೊತ್ತಾ?” ಲಕ್ಷ್ಮಣ್ ಮೈಸೂರಿನ ಹುಡುಗನಾಗಿದ್ದಾಗ ಕಂಡ ಕಾಗೆಯನ್ನೆಲ್ಲ ಬಿಡಿಸುತ್ತಿದ್ದರು, ಕಾಲೇಜಿನಲ್ಲಿದ್ದಾಗಲೇ ‘ಕೊರವಂಜಿ’ ಹಾಸ್ಯ ಪತ್ರಿಕೆಗೆ ಚಿತ್ರ ಕೊಡುತ್ತಿದ್ದರು ಎಂಬ ಉಳಿದರ್ಧ ಕತೆಯನ್ನು ಅವನು ಹೇಳುವುದಿಲ್ಲ.

2025ರಲ್ಲಿ ಅಕ್ಟೋಬರ್ 1ಕ್ಕೇ ಮಹಾನವಮಿ ಬಿತ್ತು. ಪಟ್ಟಿಯ ಮೊದಲ ಪದ ‘ಮೀಸೆ’. ಚಾಮುಂಡಿ ಬೆಟ್ಟದ ಮಹಿಷಾಸುರನನ್ನೇ ಬಿಡಿಸುತ್ತೇನೆಂದು ತೋಳೇರಿಸಿ ಕೂತರೆ ಪೆನ್ನುಗಳೆಲ್ಲ ಸರಸ್ವತಿಯ ಮುಂದೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿವೆ. “ವಿಜಯದಶಮಿ ಪೂಜೆ ಆಗೋವರೆಗೂ ಮುಟ್ಟೋ ಹಾಗಿಲ್ಲ” ಎಂದರು ತಾಯಿ. ಶಾಯಿರಾಯ ನಿಟ್ಟುಸಿರು ಬಿಟ್ಟ. ಅಷ್ಟು ಹಗುರವಾದ ನಿಟ್ಟುಸಿರನ್ನು ಆ ಮನೆ ಹಿಂದೆಂದೂ ಕೇಳಿರಲಿಲ್ಲ.

ಪಾತ್ರ ವಿನ್ಯಾಸದ ಸೂತ್ರಗಳು ಅವನಿಗೆ ಬಾಯಿಪಾಠ. ದುಂಡಗಿದ್ದರೆ ಒಳ್ಳೆಯವನು, ಚೌಕವಿದ್ದರೆ ಗಟ್ಟಿಗ, ಮೂಲೆ ಮೊನಚಾಗಿದ್ದರೆ ಖಳ. (ಅವನ ಮ್ಯಾನೇಜರ್ ಎಲ್ಲ ಚಿತ್ರದಲ್ಲೂ ತ್ರಿಕೋನ.) ಇಡೀ ಆಕೃತಿಗೆ ಕಪ್ಪು ಬಳಿದರೂ ಇಂಥವನೇ ಎಂದು ಗುರುತು ಸಿಗಬೇಕು, ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಮಹಿಷಾಸುರ ಸಿಗುತ್ತಾನಲ್ಲ, ಹಾಗೆ. ಇಷ್ಟೆಲ್ಲ ತಿಳಿದರೂ ಶಾಯಿರಾಯನಿಗೆ ಕೈಬೆರಳು ಬರುವುದಿಲ್ಲ. ಆದ್ದರಿಂದ ಅವನ ಯೋಧರೆಲ್ಲ ಜೇಬಿಗೆ ಕೈ ಹಾಕಿಕೊಂಡೇ ಯುದ್ಧ ಮಾಡುತ್ತಾರೆ. ಪಾದ ಬರುವುದಿಲ್ಲ, ಹಾಗಾಗಿ ಎಲ್ಲೆಲ್ಲೂ ಮೊಣಕಾಲುದ್ದ ಹುಲ್ಲು. ಮೇ ತಿಂಗಳಲ್ಲಿ ಮತ್ಸ್ಯಕನ್ಯೆಯರನ್ನು ಬಿಡಿಸುವ ಮರ್‌ಮೇ ಎಂಬ ಸವಾಲಿನ ಮೇಲೂ ಅವನಿಗೊಂದು ಕಣ್ಣು: ಅವರಿಗೆ ಕಾಲೇ ಇಲ್ಲ!

ಶಾಯಿಯನ್ನು ರಬ್ಬರಿನಲ್ಲಿ ಅಳಿಸಲಾಗದು. ಗೆರೆ ತಪ್ಪಿದಲ್ಲಿ ಅಡ್ಡಗೀಟು ಎಳೆದು ನೆರಳು ಮಾಡುತ್ತಾನೆ. ಗೀಟೂ ತಪ್ಪಿತೋ, ಮೇಲೆ ಇನ್ನೊಂದು ಸುತ್ತು ಗೀಟು. ಅದೂ ಕೆಟ್ಟರೆ ಪೂರ್ತಿ ಕಪ್ಪು ಬಳಿದು ರಾತ್ರಿ ಮಾಡುತ್ತಾನೆ. ಅವನ ಲೋಕದಲ್ಲಿ ಸೂರ್ಯ ಹುಟ್ಟಿದ ದಾಖಲೆಯೇ ಇಲ್ಲ.

ವಾರ ಕಳೆಯುವಷ್ಟರಲ್ಲಿ ಆಫೀಸಿನ ಕೆಲಸ, ನೆಂಟರು, ನೆಗಡಿ ಒಟ್ಟಿಗೆ ಬರುತ್ತವೆ. ದಿನಾ ಆಗದವರು ದಿನ ಬಿಟ್ಟು ದಿನ, ಅದೂ ಆಗದವರು ವಾರಕ್ಕೊಂದು ಬಿಡಿಸಿದರೂ ಸರಿ ಎಂದು ಪಾರ್ಕರ್ ದೊಡ್ಡ ಮನಸ್ಸು ಮಾಡಿದ್ದಾನೆ. ಶಾಯಿರಾಯ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಾನೆ. ನಡುವೆ ಅವನ ನಾಯಕನ ವಂಶಾವಳಿ, ಬಾಲ್ಯದ ಆಘಾತ, ಕುದುರೆಯ ಹೆಸರು ಎಲ್ಲ ಸೇರಿ ಎಂಟು ಪುಟದ ಕತೆ ಸಿದ್ಧವಾಗುತ್ತದೆ. ನಾಯಕನ ಚಿತ್ರವೊಂದು ಬಾಕಿ.

ಆದರೂ ತಪ್ಪು ಮುಚ್ಚಲು ಎಳೆದ ಅಷ್ಟೊಂದು ಗೀಟು ಸುಮ್ಮನೆ ಹೋಗುತ್ತದೆಯೇ? ಅವನಿಗೇ ಗೊತ್ತಾಗದಂತೆ ಕೈ ಪಳಗಿತ್ತು. ತಿಂಗಳ ಕೊನೆಯ ರಾತ್ರಿ, ರೋಸಿಹೋಗಿ, ಪೆನ್ಸಿಲ್ ಕರಡೂ ಇಲ್ಲದೆ ಒಬ್ಬ ದೈತ್ಯನನ್ನು ಒಂದೇ ಗುಕ್ಕಿಗೆ ಬಿಡಿಸಿ, ಕಪ್ಪು ಬಳಿದು ಮಲಗಿದ. ಬೆಳಗ್ಗೆ ತಾಯಿ ಹಾಳೆ ಎತ್ತಿಕೊಂಡು ಕೂಗಿದರು: “ಅಯ್ಯೋ, ನಮ್ಮಣ್ಣ ಅಲ್ವೇನೋ ಇದು! ಹೊಟ್ಟೆ ನೋಡು, ಹಾಗೇ ಇದೆ!”

ಸೋದರಮಾವನಿಗೆ ಫೋಟೋ ಹೋಯಿತು. ಅವರು ಅದನ್ನು ವಾಟ್ಸಾಪ್ ಡಿಪಿ ಮಾಡಿಕೊಂಡಿದ್ದಾರೆ. ಕೈ ಯಾಕೆ ಜೇಬಿನಲ್ಲಿದೆ ಎಂದು ಕೇಳಿದವರಿಗೆಲ್ಲ, “ಅದು ಮೊದಲಿಂದಲೂ ನನ್ನ ಸ್ಟೈಲು, ಹುಡುಗ ಗಮನಿಸಿದ್ದಾನೆ” ಎನ್ನುತ್ತಾರಂತೆ.